ಆಂಬುಲೆನ್ಸ್ ಬರುವವರೆಗೆ ಉಸಿರಿನ ದಾರಿ

ಸೌದಿಯಲ್ಲಿ ಮನೆಯವರು ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ರೆಡ್ ಕ್ರೆಸೆಂಟ್‌ನ 997ಕ್ಕೆ ಫೋನ್ ಮಾಡುತ್ತೇವೆ. ಆಂಬುಲೆನ್ಸಿನವರು ಬಂದು ಮುಖಕ್ಕೆ ಮಾಸ್ಕ್ ಹಿಡಿದು, ಅದಕ್ಕೆ ಜೋಡಿಸಿದ ಚೀಲ ಒತ್ತಿ ಗಾಳಿ ಕೊಡುತ್ತಾರೆ. "ಗಂಟಲಿಗೆ ನಳಿಕೆ ಯಾಕೆ ಹಾಕುತ್ತಿಲ್ಲ?" ಎಂದು ನಾವು ಒತ್ತಾಯಿಸುವುದುಂಟು. ಒತ್ತಾಯ ಬೇಡ.

ಗಂಟಲಿನಲ್ಲಿ ಶ್ವಾಸನಾಳದ ಹಿಂದೆಯೇ ಅನ್ನನಾಳವಿದೆ. ಮಂದ ಬೆಳಕಿನಲ್ಲಿ, ನೆಲದ ಮೇಲೆ, ವಾಂತಿಯ ನಡುವೆ ನಳಿಕೆ ದಾರಿ ತಪ್ಪಬಹುದು. ಅಮೆರಿಕದ ಆರ್ಲ್ಯಾಂಡೋದಲ್ಲಿ ಹೀಗೆ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಗೆ ಬಂದ 108 ಮಂದಿಯನ್ನು ಪರೀಕ್ಷಿಸಿದಾಗ 27 ಮಂದಿಯಲ್ಲಿ ಅದು ತಪ್ಪು ಜಾಗದಲ್ಲಿತ್ತೆಂದು 2001ರಲ್ಲಿ ವರದಿಯಾಯಿತು. ಲಾಸ್ ಏಂಜಲೀಸ್ ಭಾಗದ 830 ಮಕ್ಕಳ ಅಧ್ಯಯನ (2000) ಮಾಸ್ಕ್-ಚೀಲಕ್ಕಿಂತ ನಳಿಕೆಯಿಂದ ಹೆಚ್ಚು ಮಕ್ಕಳು ಉಳಿಯಲಿಲ್ಲವೆಂದು ತೋರಿಸಿತು. ಆದ್ದರಿಂದಲೇ ಈಗ ನಳಿಕೆ ಹಾಕಿದ ಮೇಲೆ, ಹೊರಬರುವ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಯಂತ್ರದಿಂದ ಅದರ ಜಾಗ ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಚೀಲ ಒತ್ತುವುದೂ ಸುಲಭವಲ್ಲ. ಜೋರಾಗಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ.

ಇನ್ನು ನಮ್ಮ ಪಾಲಿನ ಕೆಲಸ. ಪ್ರಜ್ಞೆಯಿಲ್ಲದವರಿಗೆ ನೀರು ಕುಡಿಸುವುದು ಊರಿನಿಂದ ತಂದ ಅಭ್ಯಾಸ. ದಯವಿಟ್ಟು ಬಿಡಿ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಉಸಿರಿದ್ದರೆ, ಪೆಟ್ಟು ಬಿದ್ದಿಲ್ಲದಿದ್ದರೆ, ಪಕ್ಕಕ್ಕೆ ಹೊರಳಿಸಿ. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರವಿದ್ದರೆ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ದೊಡ್ಡವರಲ್ಲಿ ಎದೆ 5 ಸೆಂ.ಮೀ. ಇಳಿಯಬೇಕು.

ಖರ್ಜೂರದ ಬೀಜವೋ ಶೇಂಗಾ ಕಾಳೋ ಸಿಕ್ಕಿ ಕೆಮ್ಮಲೂ ಮಾತಾಡಲೂ ಆಗದಿದ್ದರೆ ಬೆನ್ನಿಗೆ 5 ಗುದ್ದು, ನಂತರ ಹೊಕ್ಕುಳ ಮೇಲ್ಭಾಗವನ್ನು ಹಿಂದಿನಿಂದ ತಬ್ಬಿ 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತು. ವಸ್ತು ಹೊರಬರುವವರೆಗೆ ಇದೇ ಸರದಿ. ವರ್ಷ ತುಂಬದ ಕೂಸಿಗೆ ಮತ್ತು ಬಸುರಿಯರಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಕಾಣದ ವಸ್ತುವಿಗೆ ಬೆರಳು ಹಾಕಬೇಡಿ, ಇನ್ನೂ ಒಳಕ್ಕೆ ಹೋದೀತು.

ಇದೆಲ್ಲ ಓದಿ ಬರುವ ವಿದ್ಯೆಯಲ್ಲ, ಬೊಂಬೆಯ ಮೇಲೆ ಕೈ ಪಳಗಬೇಕು. ಸೌದಿ ಹಾರ್ಟ್ ಅಸೋಸಿಯೇಷನ್ ಮಾನ್ಯತೆಯ ಕೇಂದ್ರಗಳು ಸಾಮಾನ್ಯರಿಗೂ ತರಬೇತಿ ನೀಡುತ್ತವೆ. ನಮ್ಮ ಬಳಗದ ನರ್ಸ್ ಸೋದರಿಯರನ್ನು ಕೇಳಿದರೆ ಒಂದು ಶುಕ್ರವಾರ ಬಿಡುವು ಮಾಡಿಕೊಂಡಾರು. ಮನೆಯ ನ್ಯಾಷನಲ್ ಅಡ್ರೆಸ್‌ನ ಎಂಟಕ್ಷರದ ಸಂಕೇತವನ್ನು ಇಂದೇ ಫ್ರಿಜ್ ಬಾಗಿಲಿಗೆ ಅಂಟಿಸಿ. 997ರವರು ಮೊದಲು ಕೇಳುವುದೇ ವಿಳಾಸ.