ಆವಿಯಿಂದ ಬೆಳೆಯುವ ಪ್ಲಾಸ್ಟಿಕ್ ಪೊರೆ

ಹಾನಗಲ್ ಕಡೆ ಮಳೆ ಹಿಡಿದುಕೊಂಡ ಮೇಲೆ, ಕರೆಂಟು ತೆಗೆದು, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ನೋಡಿ. ಒಳಗಿನ ಬೋರ್ಡಿನ ತಾಮ್ರದ ಗೆರೆಗಳಿಗೆ ಕೆಲವೊಮ್ಮೆ ಹಸಿರು ಕಿಲುಬು ಹಿಡಿದಿರುತ್ತದೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹೊಲಗಳಲ್ಲೂ ಇದೇ ಪಾಡು. ತೇವ ಒಳಗೆ ಹೋಗದಂತೆ ಬೋರ್ಡಿಗೇ ಒಂದು ಪೊರೆ ಹೊದಿಸಬಹುದು. ಅಂಥ ಪೊರೆಗಳಲ್ಲಿ ಬಹಳ ಒಳ್ಳೆಯದೊಂದು ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್. ಅದನ್ನು ಬಳಿಯುವುದಿಲ್ಲ, ಆವಿಯಿಂದ ಬೆಳೆಸುತ್ತಾರೆ. ಈ ವಿಧಾನಕ್ಕೆ ಕೆಮಿಕಲ್ ವೇಪರ್ ಡಿಪೊಸಿಷನ್, ಚಿಕ್ಕದಾಗಿ ಸಿವಿಡಿ ಎಂದು ಹೆಸರು. ಆವಿ ಬಂದು ಕೂತು, ಅಲ್ಲೇ ರಾಸಾಯನಿಕವಾಗಿ ಬೆಸೆದುಕೊಳ್ಳುವುದು ಎಂದರ್ಥ.

ದೇವರ ಮನೆಯ ಕರ್ಪೂರದ ಡಬ್ಬಿ ನೆನಪಿಸಿಕೊಳ್ಳಿ. ಕರ್ಪೂರ ಕರಗಿ ನೀರಾಗುವುದಿಲ್ಲ, ನೇರ ಆವಿಯಾಗುತ್ತದೆ. ತಂಪಾದ ಮುಚ್ಚಳದ ಒಳಗೆ ಬಿಳಿ ಹರಳಾಗಿ ಕೂರುತ್ತದೆ. ಪ್ಯಾರಿಲೀನ್ ಶುರುವಾಗುವುದೂ ಇಂಥದೇ ಬಿಳಿ ಪುಡಿಯಿಂದ. ಅದರ ಹೆಸರು ಡೈಮರ್, ಅಂದರೆ ಎರಡು ತುಣುಕು ಅಂಟಿದ ಜೋಡಿ ಅಣು. ಗಾಳಿ ಹೀರಿ ತೆಗೆದ ಯಂತ್ರದಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಪುಡಿ ಆವಿಯಾಗುತ್ತದೆ. ಮುಂದೆ ಸುಮಾರು 680 ಡಿಗ್ರಿಯ ಕುಲುಮೆ. ಅಲ್ಲಿ ಜೋಡಿ ಒಡೆದು ಒಂಟಿ ತುಣುಕುಗಳಾಗುತ್ತವೆ, ಅವು ಮಾನೋಮರ್. ಆಮೇಲೆ ಅವು ಬೋರ್ಡು ಇಟ್ಟಿರುವ ಕೋಣೆಗೆ ಬರುತ್ತವೆ. ಬೋರ್ಡಿನ ಮೇಲೆ ಕೂತ ಕೂಡಲೇ ಒಂದಕ್ಕೊಂದು ಕೈಹಿಡಿದು ಉದ್ದ ಸರಪಳಿಯಾಗುತ್ತವೆ. ಆ ಸರಪಳಿಯೇ ಪಾಲಿಮರ್. ಕರ್ಪೂರ ಮುಚ್ಚಳದ ಮೇಲೂ ಕರ್ಪೂರವೇ. ಇಲ್ಲಿ ಮಾತ್ರ ವಸ್ತುವೇ ಬದಲಾಗುತ್ತದೆ.

ಅಷ್ಟು ಶಾಖಕ್ಕೆ ಬೋರ್ಡು ಸುಡುವುದಿಲ್ಲವೇ? ಇಲ್ಲ. ಕುಲುಮೆ ಬೇರೆ, ಬೋರ್ಡಿನ ಕೋಣೆ ಬೇರೆ. ಕೋಣೆಯಲ್ಲಿ ನಮ್ಮ ಮನೆಯೊಳಗಿನಷ್ಟೇ ಶಾಖ.

ಬ್ರಷ್ಷಿನಿಂದ ಬಳಿದರೆ ಆಗದೇ? ದ್ರವ ಮೂಲೆಗಳಲ್ಲಿ ನಿಲ್ಲುತ್ತದೆ, ಚೂಪು ಅಂಚಿನಿಂದ ಜಾರಿ ಅಲ್ಲಿ ತೆಳುವಾಗುತ್ತದೆ. ಚಿಪ್‌ನ ಅಡಿಗೆ ಹೋಗುವುದೇ ಕಷ್ಟ. ಆವಿಗೆ ಆ ತೊಡಕಿಲ್ಲ. ಸಂದಿ, ಅಂಚು, ಕಾಲು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ಗಂಟೆಗೆ ಕೆಲವೇ ಮೈಕ್ರಾನ್ ಬೆಳೆಯುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಬೋರ್ಡಿಗೆ 10ರಿಂದ 25 ಮೈಕ್ರಾನ್ ಸಾಕು, ತಲೆಗೂದಲಿಗಿಂತ ತೆಳು.

1947ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೇಲ್ ಶ್ವಾರ್ಟ್ಸ್ ಈ ಪ್ಲಾಸ್ಟಿಕ್ಕನ್ನು ಮೊದಲು ಕಂಡರು. ಡೈಮರ್ ದಾರಿಯನ್ನು ರೂಪಿಸಿದವರು ಯೂನಿಯನ್ ಕಾರ್ಬೈಡಿನ ವಿಲಿಯಂ ಗೋರಮ್. 1965ರಲ್ಲಿ ಅದು ಮಾರುಕಟ್ಟೆಗೆ ಬಂತು. ಎದೆಯೊಳಗೆ ಇಡುವ ಪೇಸ್‌ಮೇಕರಿಗೂ ಇದೇ ಪೊರೆ ಹೊದಿಸುತ್ತಾರೆ.

ಇನ್ನು ಖರ್ಚು. ಡೈಮರ್ ಪುಡಿ ದುಬಾರಿ. ಅದರಲ್ಲೂ ಬಹುಪಾಲು ಕೋಣೆಯ ಗೋಡೆಗೆ ಕೂತು ಹಾಳಾಗುತ್ತದೆ. ಪಿನ್ನು, ಸಾಕೆಟ್ಟುಗಳಿಗೆ ಪೊರೆ ಕೂರಬಾರದು, ಅವನ್ನೆಲ್ಲ ಕೈಯಿಂದಲೇ ಮುಚ್ಚಬೇಕು. ಒಂದು ಸರತಿಗೆ ಹಲವು ಗಂಟೆ. ಬಿಸಿಲಲ್ಲಿ ಬಿಟ್ಟರೆ ಪೊರೆ ಹಳದಿಯಾಗುತ್ತದೆ, ರಿಪೇರಿಗೆ ಕಿತ್ತು ತೆಗೆಯುವುದೂ ಸುಲಭವಲ್ಲ. ಹಾಗಾಗಿ ಒಂದು ಸ್ಟಾರ್ಟರಿಗಾಗಿ ಇದರ ಹಿಂದೆ ಬೀಳಬೇಡಿ.

ಕಲಿಯಬೇಕೆನ್ನುವ ಮಕ್ಕಳ ಮಾತು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ತೆಳುಪೊರೆ ಬೆಳೆಸುವ ದೊಡ್ಡ ಪ್ರಯೋಗಾಲಯವಿದೆ. ಐಎನ್‌ಯುಪಿ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಹೊರಗಿನ ಕಾಲೇಜಿನವರಿಗೂ ಅಲ್ಲಿ ತರಬೇತಿ ಸಿಗುತ್ತದೆ. ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಅಧ್ಯಾಪಕರ ಮೂಲಕ ಅರ್ಜಿ ಹಾಕಬೇಕು, ಖಂಡಿತ ಹಾಕಬೇಕು. ಯಾವ ಯಂತ್ರ ಎಲ್ಲಿದೆ ಎಂದು ಐ-ಸ್ಟೆಮ್ ಎಂಬ ಸರ್ಕಾರಿ ಜಾಲತಾಣದಲ್ಲಿ ಹುಡುಕಬಹುದು.

ರೈತರಿಗೆ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಸಾಕು. ಬೋರ್ಡಿನ ಮೈಗೆ ಹೊಂದಿಕೊಂಡು ಕೂರುವ ಲೇಪ ಅದು. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ತಿ ಒಣಗಿಸಿ. ರಿಲೇ, ಸಾಕೆಟ್ಟುಗಳಿಗೆ ಟೇಪು ಸುತ್ತಿ. ಗಾಳಿಯಾಡುವ ಕಡೆ ತೆಳುವಾಗಿ ಒಮ್ಮೆ ಸಿಂಪಡಿಸಿ, ಒಣಗಿದ ಮೇಲೆ ಇನ್ನೊಮ್ಮೆ. ಆಮೇಲೆ ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಇಂಥ ಅನೇಕ ಲೇಪಗಳು ನೀಲಿಯಾಗಿ ಹೊಳೆಯುತ್ತವೆ. ಹೊಳೆಯದೆ ಉಳಿದ ಜಾಗ ಕಂಡರೆ ಅಲ್ಲಿಗೆ ಮತ್ತೊಂದು ಸುತ್ತು ಹೊಡೆಯಿರಿ.