ಬಾಡಿಗೆ ಕಟ್ಟಡಕ್ಕೆ ಹೊಸ ದೀಪ ಹಾಕಿಸುವವರು ಯಾರು?

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಮೂರಂತಸ್ತಿನ ಒಂದು ವಾಣಿಜ್ಯ ಕಟ್ಟಡವನ್ನು ಊಹಿಸಿಕೊಳ್ಳಿ. ಕೆಳಗೆ ಬಟ್ಟೆ ಅಂಗಡಿ, ನಡುವೆ ಒಂದು ಕಚೇರಿ, ಮೇಲೆ ಟ್ಯೂಷನ್ ತರಗತಿಗಳು. ಮಾಲೀಕರು ಹತ್ತಿರದ ಹಳ್ಳಿಯ ತೆಂಗಿನ ತೋಟದವರು. ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಪಾಯ ಹಾಕಿ, ಮಕ್ಕಳ ಓದಿಗೆ ಬಾಡಿಗೆ ಬರಲಿ ಎಂದು ಕಟ್ಟಿಸಿದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪೇಟೆಬೀದಿಗಳಲ್ಲಿ ಇಂಥ ಕಟ್ಟಡಗಳಿಗೆ ಬರವಿಲ್ಲ.

ಟ್ಯೂಷನ್ ನಡೆಯುವ ಮಹಡಿಯಲ್ಲಿ ಹಳೆಯ ಕಾಲದ 20 ಟ್ಯೂಬ್‌ಲೈಟುಗಳಿವೆ ಎನ್ನೋಣ. ಚೋಕ್ ಸೇರಿ ಒಂದೊಂದೂ ಸುಮಾರು 50 ವಾಟ್ ಎಳೆಯುತ್ತದೆ. ಅದೇ ಬೆಳಕನ್ನು 20 ವಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಉರಿದರೆ ಉಳಿಯುವುದು 1800 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೂ 14,400 ರೂಪಾಯಿ. ಹೊಸ ಟ್ಯೂಬುಗಳಿಗೆ ತಲಾ 250ರಂತೆ ತಗಲುವುದು 5,000. ನಾಲ್ಕೈದು ತಿಂಗಳಲ್ಲಿ ಹಾಕಿದ ಹಣ ವಾಪಸು! ಎಂಟನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಆದರೂ ಹಳೆಯ ಟ್ಯೂಬು ಕಪ್ಪಿಟ್ಟು ಮಿಣುಕುವವರೆಗೆ ಅಲ್ಲೇ ಇರುತ್ತದೆ. ಏಕೆ?

ಕಾರಣ ಸರಳ. ಕಟ್ಟಡ ಮಾಲೀಕರದು, ಕರೆಂಟು ಬಿಲ್ಲು ಬಾಡಿಗೆದಾರರದು. ಮಾಲೀಕರು ಹಣ ಹಾಕಿದರೆ ಲಾಭ ಬಾಡಿಗೆದಾರರಿಗೆ. ಬಾಡಿಗೆದಾರರೇ ಹಾಕೋಣವೆಂದರೆ, ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಆ ಕಟ್ಟಡದಲ್ಲಿ ಇರುತ್ತೇವೋ ಇಲ್ಲವೋ ಎಂಬ ಅನುಮಾನ. ಟ್ಯೂಬಿನ ಮಾತು ಹಾಗಿರಲಿ, ಅದು ಸಣ್ಣ ಖರ್ಚು. ಸೋರುವ ನೀರಿನ ಪೈಪುಗಳನ್ನು ಬದಲಿಸುವುದು, ಒಮ್ಮೆಗೆ ಹತ್ತು ಲೀಟರ್ ಸುರಿಯುವ ಶೌಚಾಲಯದ ತೊಟ್ಟಿಯ ಜಾಗದಲ್ಲಿ ಮೂರು ಅಥವಾ ಆರು ಲೀಟರಿನದನ್ನು ಕೂರಿಸುವುದು, ತಾರಸಿಯ ಮಳೆನೀರಿಗೆ ಸಂಪು ಕಟ್ಟಿಸುವುದು, ಇವಕ್ಕೆ ದೊಡ್ಡ ಮೊತ್ತ ಬೇಕು. ಅಲ್ಲಿಗೆ ಬಂದರೆ ಇಬ್ಬರೂ ಕೈಕಟ್ಟಿ ಕೂರುತ್ತಾರೆ.

ಈ ಗಂಟನ್ನು ಬಿಡಿಸಲು ಅಮೆರಿಕದಲ್ಲಿ ಒಂದು ಜಾಣ ಉಪಾಯ ಹುಡುಕಿದರು. ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದಲ್ಲಿ 2008ರಲ್ಲಿ ಆರಂಭವಾದ ಈ ಪದ್ಧತಿಗೆ ಅಲ್ಲಿ ‘ಪೇಸ್’ ಎಂದು ಹೆಸರು. ಕಟ್ಟಡ ಸುಧಾರಿಸಲು ಕೊಟ್ಟ ಹಣವನ್ನು ಆಸ್ತಿ ತೆರಿಗೆಯ ಜೊತೆಯಲ್ಲೇ ಕಂತುಕಂತಾಗಿ ವಸೂಲು ಮಾಡುವುದು ಇದರ ಮರ್ಮ. ಸಾಲ ಅಂಟಿಕೊಳ್ಳುವುದು ವ್ಯಕ್ತಿಗಲ್ಲ, ಕಟ್ಟಡಕ್ಕೆ. ಮಾಲೀಕರು ಮಾರಿಹೋದರೆ ಉಳಿದ ಕಂತು ಕೊಂಡವರ ತೆರಿಗೆ ರಸೀದಿಯಲ್ಲಿ ಮುಂದುವರಿಯುತ್ತದೆ. ಇದರಲ್ಲಿ ತೊಡಕೂ ಇತ್ತು. ತೆರಿಗೆ ಬಾಕಿಗೆ ಎಲ್ಲ ಸಾಲಗಳಿಗಿಂತ ಮೊದಲ ಹಕ್ಕು. ಹಾಗಾದರೆ ಗೃಹಸಾಲ ಕೊಟ್ಟವರ ಗತಿಯೇನು ಎಂದು ಅಲ್ಲಿನ ಗೃಹಸಾಲ ನಿಯಂತ್ರಕರು 2010ರಲ್ಲಿ ತಕರಾರು ತೆಗೆದರು. ಮನೆಗಳ ಮಟ್ಟಿಗೆ ಯೋಜನೆ ಬಹುಕಾಲ ಕುಂಟಿತು. ವಾಣಿಜ್ಯ ಕಟ್ಟಡಗಳಲ್ಲಿ ಮಾತ್ರ ಬೇರೂರಿತು. ನಮ್ಮ ನಗರಸಭೆ, ಪುರಸಭೆಗಳೂ ಆಸ್ತಿ ತೆರಿಗೆ ವಸೂಲು ಮಾಡುತ್ತವೆ, ಆದರೆ ಹೀಗೆ ಕಂತು ಸೇರಿಸುವ ಏರ್ಪಾಡು ಇಲ್ಲಿಲ್ಲ. ತೆರಿಗೆಯನ್ನೇ ನೆಟ್ಟಗೆ ಕಟ್ಟದ ಕಡೆ ಕಂತು ಕಟ್ಟುತ್ತಾರೆಯೇ ಎಂದು ಯಾರಾದರೂ ಕೇಳಿದರೆ ಅದೂ ತಪ್ಪಲ್ಲ.

ಹಾಗೆಂದು ನಮ್ಮಲ್ಲಿ ಪ್ರಯೋಗಗಳೇ ನಡೆದಿಲ್ಲವೆಂದಲ್ಲ. ಸೌರ ಬಿಸಿನೀರಿನ ಹಂಡೆ ಹಾಕಿಸಿದ ಮನೆಗಳಿಗೆ ಬೆಸ್ಕಾಂ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿಯವರೆಗೆ ಬಿಲ್ಲಿನಲ್ಲೇ ರಿಯಾಯಿತಿ ಕೊಟ್ಟಿತು. ಮೊತ್ತ ಸಣ್ಣದು, ಆದರೂ ಬೆಂಗಳೂರಿನ ತಾರಸಿಗಳ ಮೇಲೆ ಹಂಡೆಗಳು ಸಾಲುಗಟ್ಟಿದವು. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ಅಲ್ಲಿ ರಿಯಾಯಿತಿಯ ಬದಲು ನೀರಿನ ಬಿಲ್ಲಿನ ಮೇಲೆ ದಂಡ. ಎಲ್‌ಇಡಿ ಬಲ್ಬಿನದು ಮೂರನೆಯ ದಾರಿ. ಕೇಂದ್ರದ ಇಇಎಸ್‌ಎಲ್ ಸಂಸ್ಥೆ ದೇಶಕ್ಕೆಲ್ಲ ಒಟ್ಟಾಗಿ ಖರೀದಿಸಿದ್ದರಿಂದ, 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಕರ್ನಾಟಕದಲ್ಲಿ 2015ರಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯಲ್ಲಿ ಮನೆಮನೆಗೆ ಬಂದದ್ದು ಇದೇ ಬಲ್ಬು.

ಕಟ್ಟಡವೂ ತಮ್ಮದೇ, ಬಿಲ್ಲೂ ತಮ್ಮದೇ ಆಗಿರುವ ಕಡೆ ಈ ಜಗ್ಗಾಟ ಇರುವುದಿಲ್ಲ. ಇನ್ಫೊಸಿಸ್ ಅದಕ್ಕೆ ಒಳ್ಳೆಯ ಉದಾಹರಣೆ. 2008ರಿಂದೀಚೆಗೆ ಆ ಕಂಪನಿ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತು. ಹೈದರಾಬಾದಿನ ಅದರ ಒಂದು ಕಟ್ಟಡದಲ್ಲಿ ಅರ್ಧಭಾಗಕ್ಕೆ ಮಾಮೂಲಿ ಎ.ಸಿ., ಇನ್ನರ್ಧಕ್ಕೆ ಛಾವಣಿಯ ಕಾಂಕ್ರೀಟಿನೊಳಗೆ ತಣ್ಣೀರು ಹರಿಯುವ ಕೊಳವೆ ಹಾಕಿ ಹೋಲಿಸಿದರು. ಕೊಳವೆಯ ಭಾಗಕ್ಕೆ ಸುಮಾರು ಮೂರನೇ ಒಂದರಷ್ಟು ಕಡಿಮೆ ಕರೆಂಟು ಸಾಕಾಯಿತು, ಕಟ್ಟುವ ಖರ್ಚೂ ಹೆಚ್ಚಾಗಲಿಲ್ಲ.

ಪೇಟೆಯ ಈ ಜಗ್ಗಾಟ ತೋಟದಲ್ಲೂ ಇದೆ, ಇನ್ನೂ ಬಿಗಿಯಾಗಿ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ವಿದ್ಯುತ್ ಉಚಿತ. ಮೋಟಾರು ರೈತರದು; ಕರೆಂಟಿನ ಖರ್ಚು ಸರ್ಕಾರದ್ದು. ಹಾಗಿರುವಾಗ ದುಬಾರಿಯ ದಕ್ಷ ಪಂಪನ್ನು ರೈತರು ಏಕೆ ಕೊಳ್ಳಬೇಕು? ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಬೇಕಾದದ್ದು 980 ಕಿಲೋಜೂಲ್, ಎಂದರೆ ಸುಮಾರು 0.27 ಯೂನಿಟ್. ಪಂಪಿನ ದಕ್ಷತೆ ಶೇ. 30 ಆದರೆ ಮೀಟರಿನಲ್ಲಿ ಓಡುವುದು 0.9 ಯೂನಿಟ್, ಶೇ. 50 ಆದರೆ 0.54. ಪಿಯುಸಿ ವಿದ್ಯಾರ್ಥಿಗಳು ಇದನ್ನು ತಮ್ಮ ತೋಟದ ಬೋರಿನ ಆಳಕ್ಕೆ ಹಾಕಿ ನೋಡಬಹುದು.

ಹಣದ ದಾರಿ ಇಲ್ಲೂ ಒಂದು ಹೊಳೆಯಿತು. ಖಾಸಗಿ ಕಂಪನಿಯೊಂದು ತನ್ನ ಖರ್ಚಿನಲ್ಲಿ ಪಂಪು ಬದಲಿಸುವುದು, ಉಳಿದ ಕರೆಂಟಿನ ಬೆಲೆಯಲ್ಲಿ ಪಾಲನ್ನು ವಿದ್ಯುತ್ ಕಂಪನಿ ಅದಕ್ಕೆ ವರ್ಷವರ್ಷ ಕೊಡುವುದು. ಅಮೆರಿಕದ ಯುಎಸ್‌ಏಡ್ ನೆರವಿನ ‘ವೆನೆಕ್ಸಾ’ ಯೋಜನೆಯಡಿ ಬೆಸ್ಕಾಂ ಇದನ್ನು ದೊಡ್ಡಬಳ್ಳಾಪುರದ ಕಡೆ ಕೆಲವು ನೂರು ಪಂಪುಗಳಲ್ಲಿ ಪರೀಕ್ಷಿಸಿತು. 2010ರ ದಶಕದಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಇಇಎಸ್‌ಎಲ್ ಸಾವಿರಕ್ಕೂ ಹೆಚ್ಚು ಪಂಪುಗಳನ್ನು ಬದಲಿಸಿತು.

ಆದರೆ ತೆಂಗಿನ ಸೀಮೆಯವರು ಒಂದು ಮಾತನ್ನು ಮರೆಯುವಂತಿಲ್ಲ. ಕರೆಂಟು ಕೊಡುವುದು ಇಂತಿಷ್ಟು ಗಂಟೆ ಎಂದು ಗೊತ್ತಾಗಿದ್ದಾಗ, ಅಷ್ಟೇ ಅಶ್ವಶಕ್ತಿಯ ಒಳ್ಳೆಯ ಪಂಪು ಆ ಗಂಟೆಗಳಲ್ಲಿ ಇನ್ನೂ ಹೆಚ್ಚು ನೀರೆತ್ತುತ್ತದೆ. ಕರೆಂಟೂ ಉಳಿಯದು, ನೀರೂ ಉಳಿಯದು. ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಗೆ ಸೇರಿದವು. ಬೇಸಿಗೆಯಲ್ಲಿ ಒಂದು ತೆಂಗಿನ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ ಸುಮಾರು 40ರಿಂದ 60 ಲೀಟರ್ ಸಾಕು. ಅಲ್ಲಿ ಹೆಚ್ಚಿನ ಹಣ ಸರ್ಕಾರದ ಸಹಾಯಧನದಿಂದಲೇ ಬರುತ್ತದೆ. ಸಣ್ಣ ಪಂಪು ಮತ್ತು ಹನಿ ಕೊಳವೆ ಒಟ್ಟಿಗೆ ಬಂದರೆ ಮಾತ್ರ ಲೆಕ್ಕ ಕೂಡುವುದು.

ಉಳಿತಾಯದಿಂದ ಸಾಲ ತೀರಿಸುವ ಎಲ್ಲ ಏರ್ಪಾಡುಗಳಲ್ಲೂ ಜಗಳ ಹುಟ್ಟುವುದು ಅಳತೆಯಲ್ಲಿ. ಬಳಸದೇ ಇದ್ದ ಕರೆಂಟನ್ನು ಮೀಟರ್ ತೋರಿಸುವುದಿಲ್ಲವಲ್ಲ! ದೀಪ ಬದಲಿಸಿದ ಮರುತಿಂಗಳೇ ಟ್ಯೂಷನ್‌ನವರು ಒಂದು ಎ.ಸಿ. ಕೂರಿಸಿದರೆ ಬಿಲ್ಲು ಏರುತ್ತದೆ. ಉಳಿತಾಯವೇ ಆಗಿಲ್ಲ ಎಂಬ ವಾದ ಏಳುತ್ತದೆ. ಆದ್ದರಿಂದ ಮೊದಲು ಎಷ್ಟಿತ್ತು, ಯಾವ ಉಪಕರಣ ಎಷ್ಟು ಹೊತ್ತು ಓಡುತ್ತಿತ್ತು ಎಂದು ಅಳೆದು ಬರೆದಿಡುವವರು ಬೇಕು. ಆ ಕೆಲಸಕ್ಕೇ ಒಂದು ವೃತ್ತಿ ಇದೆ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಬಂದ ಮೇಲೆ, ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್‌ಗಳಿಗಾಗಿ ರಾಷ್ಟ್ರಮಟ್ಟದ ಪರೀಕ್ಷೆ ನಡೆಸತೊಡಗಿತು. ಎಂಜಿನಿಯರಿಂಗ್ ಓದಿ ಕೆಲವು ವರ್ಷ ಅನುಭವ ಪಡೆದವರು ಇದನ್ನು ಬರೆಯಬಹುದು. ಡಿಪ್ಲೊಮಾ ಆದವರಿಗೆ ಅನುಭವದ ವರ್ಷ ಇನ್ನಷ್ಟು ಬೇಕು. ತಿಪಟೂರಿನಲ್ಲೇ 1986ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಆ ಪರೀಕ್ಷೆಗೆ ಇನ್ನೂ ದೂರ ಇರುವವರು ಸದ್ಯಕ್ಕೆ ತಾವು ಟ್ಯೂಷನ್‌ಗೆ ಹೋಗುವ ಮಹಡಿಯ ಮೀಟರನ್ನು ಮಾಲೀಕರ ಒಪ್ಪಿಗೆ ಪಡೆದು ಒಂದು ತಿಂಗಳು ದಿನವೂ ಬರೆದುಕೊಳ್ಳಬಹುದು, ಭಾನುವಾರವೂ ಬಿಡದೆ. ರಜೆಯ ದಿನ ಎಷ್ಟು ಯೂನಿಟ್ ಓಡಿತು ಎಂಬುದನ್ನು ಬೇರೆಯೇ ಗುರುತಿಸಬೇಕು.