ತೆಂಗಿನ ಅಣಬೆ ರೋಗ ಮತ್ತು ಡಿಎನ್‌ಎ ಗುರುತಿಸುವ ತುಣುಕುಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಅಣಬೆ ರೋಗವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಗ್ಯಾನೋಡರ್ಮಾ ಎಂಬ ಶಿಲೀಂಧ್ರ ಬೇರಿನಿಂದ ಸೇರಿ, ಬುಡದಲ್ಲಿ ಕಂದು ರಸ ಸೋರುವಷ್ಟರಲ್ಲಿ ಒಳಗೆ ಬಹಳಷ್ಟು ಕೊಳೆತಿರುತ್ತದೆ. ಅಣಬೆ ಕಾಣಿಸಿಕೊಂಡ ಮೇಲಂತೂ ಆ ಮರದ ಆಸೆ ಬಿಡಬೇಕು. ಆದುದರಿಂದ ರೋಗಾಣುವನ್ನು ಅದರ ಡಿಎನ್‌ಎ ಮೂಲಕ ಮೊದಲೇ ಪತ್ತೆಹಚ್ಚುವುದು ಮುಖ್ಯ. ತೊಡಕೇನೆಂದರೆ, ಬೇರಿನ ಚೂರಿನಲ್ಲಿ ತೆಂಗಿನದೇ ಡಿಎನ್‌ಎ ರಾಶಿ, ರೋಗಾಣುವಿನದು ಚಿಟಿಕೆಯಷ್ಟು.

ಡಿಎನ್‌ಎಯಲ್ಲಿ ನಾಲ್ಕು ಅಕ್ಷರಗಳಿವೆ. ಎ ಅಕ್ಷರಕ್ಕೆ ಟಿ, ಜಿ ಅಕ್ಷರಕ್ಕೆ ಸಿ ಜೋಡಿ. ಬೇಕಾದ ಅಕ್ಷರಗಳ ತುಣುಕನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ ಅದು ತನ್ನ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಆದರೆ ಎರಡು ಎಳೆಗಳಲ್ಲೂ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ. 1991ರಲ್ಲಿ ಡೆನ್ಮಾರ್ಕಿನ ಪೀಟರ್ ನೀಲ್ಸನ್ ಮತ್ತು ಸಂಗಡಿಗರು ಅಕ್ಷರಗಳನ್ನು ಹಾಗೆಯೇ ಇಟ್ಟು, ಬೆನ್ನೆಲುಬನ್ನು ಮಾತ್ರ ವಿದ್ಯುದಂಶವಿಲ್ಲದ ಪೆಪ್ಟೈಡ್ ಮಾದರಿಗೆ ಬದಲಿಸಿದರು. ಇದೇ ಪಿಎನ್‌ಎ. ಇದರ ಹಿಡಿತ ಗಟ್ಟಿ. ಆದರೂ 15 ಅಕ್ಷರಗಳಲ್ಲಿ ಒಂದು ತಪ್ಪಿದರೆ ಸರಾಸರಿ ಸುಮಾರು 15 ಡಿಗ್ರಿ ಕಡಿಮೆ ಉಷ್ಣತೆಯಲ್ಲೇ ಕಳಚಿಕೊಳ್ಳುತ್ತದೆ.

ಈ ಸಂಶೋಧನೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕಲಿತ ಡಾ. ಕೆ.ಎನ್. ಗಣೇಶ್ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎನ್‌ಎ ಕುರಿತು ದೀರ್ಘಕಾಲ ದುಡಿದು, 1998ರ ಭಟ್ನಾಗರ್ ಪ್ರಶಸ್ತಿ ಪಡೆದವರು. ಮೂಲ ಪಿಎನ್‌ಎ ಬಹಳ ಬಳುಕುವಂಥದ್ದು, ಡಿಎನ್‌ಎ ಎಳೆಯ ಎರಡು ದಿಕ್ಕಿಗೂ ಅಂಟಬಲ್ಲದು. ಅವರ ತಂಡ ಪ್ರೋಲಿನ್ ಉಂಗುರವನ್ನು ಬೆನ್ನೆಲುಬಿಗೆ ಸೇರಿಸಿ ಬಿಗಿಗೊಳಿಸಿ, ದಿಕ್ಕಿನ ಆಯ್ಕೆಯನ್ನು ಬದಲಿಸುವ ಪ್ರಯೋಗ ನಡೆಸಿತು.

ಇನ್ನೊಂದು ದಾರಿ, ತುಣುಕಿಗೆ ಲೈಸಿನ್‌ನಂಥ ಧನ ವಿದ್ಯುದಂಶದ ಪೆಪ್ಟೈಡ್ ಬಾಲ ಜೋಡಿಸುವುದು. ಆಗ ಅದು ಡಿಎನ್‌ಎಯನ್ನು ಬೇಗ ತಲುಪುತ್ತದೆ, ಜೀವಕೋಶದೊಳಗೂ ಸುಲಭವಾಗಿ ನುಗ್ಗುತ್ತದೆ. ಆದರೆ ಬಾಲ ಉದ್ದವಾದರೆ ಸಿಕ್ಕಸಿಕ್ಕಲ್ಲಿ ಅಂಟುವ ಅಪಾಯ. ವಿನ್ಯಾಸದ ನಿಜವಾದ ಕಷ್ಟವೇ ಇದು: ಹಿಡಿತವನ್ನು ಹೆಚ್ಚಿಸುವುದು ಸುಲಭ, ಆಯ್ಕೆಯನ್ನು ಉಳಿಸಿಕೊಳ್ಳುವುದು ಕಷ್ಟ.

2013ರಲ್ಲಿ ಅಮೆರಿಕದ ಸಂಶೋಧಕರು, ಗಿಡದ ಹರಿತ್ತು ಕಣಗಳ ಮತ್ತು ಮೈಟೋಕಾಂಡ್ರಿಯಾಗಳ ಡಿಎನ್‌ಎಗೆ ಮಾತ್ರ ಅಂಟುವ ಪಿಎನ್‌ಎ ಬಳಸಿದರು. ಗಿಡದ ಡಿಎನ್‌ಎ ಪ್ರತಿಯಾಗದಂತೆ ಅದು ತಡೆಯಿತು, ಬೇರಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಸ್ಪಷ್ಟವಾಗಿ ದೊರೆಯಿತು. ಶಿಲೀಂಧ್ರದ ಪರೀಕ್ಷೆಗೆ ಬೇರೆಯೇ ತುಣುಕು ರಚಿಸಬೇಕು.

ತೋಟದಲ್ಲಿ ಸದ್ಯಕ್ಕೆ ಮಾಡಬೇಕಾದದ್ದು ಹಳೆಯ ಕ್ರಮಗಳೇ: ರೋಗದ ಮರದ ಸುತ್ತ ಕಂದಕ ತೋಡುವುದು, ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಹಾಕುವುದು, ಅದರ ಪಾತಿಯ ನೀರು ಪಕ್ಕದ ಮರಕ್ಕೆ ಹರಿಯದಂತೆ ನೋಡಿಕೊಳ್ಳುವುದು.